ಫೋನ್ ಎಲ್ಲಿದೆ ಎಂದು ಯಾರನ್ನು ಕೇಳಬೇಕು?

ಹಳೆಯ ದೂರವಾಣಿಯಲ್ಲಿ ಈ ಪ್ರಶ್ನೆಯೇ ಇರಲಿಲ್ಲ. ಎಕ್ಸ್‌ಚೇಂಜಿನಿಂದ ಮನೆಗೆ ಒಂದು ಜೋಡಿ ತಾಮ್ರದ ತಂತಿ. ಆ ತಂತಿಯ ತುದಿಯೇ ಫೋನಿನ ವಿಳಾಸ. ಇಂಟರ್‌ನೆಟ್ ದೂರವಾಣಿಗೆ ಇಂಥ ಸ್ಥಿರ ನೆಲೆಯಿಲ್ಲ. ಬೆಳಗ್ಗೆ ಕಚೇರಿಯ ಜಾಲದಲ್ಲಿದ್ದದ್ದು ಸಂಜೆ ಮನೆಯ ಜಾಲದಲ್ಲಿರಬಹುದು. ಆದ್ದರಿಂದ ಫೋನೇ ತನ್ನ ಸರ್ವರಿಗೆ ತಾನು ಈಗ ಇರುವ ವಿಳಾಸವನ್ನು ಆಗಾಗ್ಗೆ ತಿಳಿಸುತ್ತಿರುತ್ತದೆ. ಇದೇ ನೋಂದಣಿ. 2002ರಲ್ಲಿ ಪ್ರಕಟವಾದ, ಇಂದಿಗೂ ಬಳಕೆಯಲ್ಲಿರುವ 'ಸಿಪ್' ನಿಯಮಾವಳಿಯಲ್ಲಿ ಇದರ ವಿವರಗಳಿವೆ.

ಹಾಸ್ಟೆಲ್ ವಾರ್ಡನ್ನಿನ ರಿಜಿಸ್ಟರ್ ಪುಸ್ತಕವನ್ನು ನೆನಪಿಸಿಕೊಂಡರೆ ಸಾಕು. ಪುಸ್ತಕ ಒಂದೇ ಇದ್ದಾಗ ತೊಂದರೆಯಿಲ್ಲ. ಆದರೆ ಒಂದೇ ಸರ್ವರ್ ಇದ್ದು ಅದು ಕೆಟ್ಟರೆ ಫೋನುಗಳೆಲ್ಲ ಒಮ್ಮೆಗೇ ಮೂಕವಾಗುತ್ತವೆ. ಅದಕ್ಕೆಂದೇ ಎರಡನೆಯ ಸರ್ವರ್ ಇಡುತ್ತಾರೆ. ತೊಡಕು ಆರಂಭವಾಗುವುದೇ ಇಲ್ಲಿ. ಆಸ್ಪತ್ರೆಯೊಂದರ ತುರ್ತು ವಿಭಾಗದ ಫೋನ್ ಮೊದಲನೆಯ ಸರ್ವರಿನಲ್ಲಿ ನೋಂದಾಯಿಸಿದೆ. ಕರೆ ಎರಡನೆಯದಕ್ಕೆ ಬಂದಿದೆ. ಅದರ ಪುಸ್ತಕ ಖಾಲಿ. 480, ಅಂದರೆ 'ಸದ್ಯಕ್ಕೆ ಲಭ್ಯವಿಲ್ಲ' ಎಂಬ ಉತ್ತರ ಹೋಗುತ್ತದೆ. ಫೋನ್ ಮೇಜಿನ ಮೇಲೆ ಸುಸ್ಥಿತಿಯಲ್ಲೇ ಇರುತ್ತದೆ!

ಎರಡೂ ಸರ್ವರುಗಳು ಒಂದೇ ಪುಸ್ತಕವನ್ನು ನೋಡುವಂತೆ ಮಾಡುವುದು ಸುಲಭದ ದಾರಿ. 4ಜಿ ಮೊಬೈಲಿನ ವೋಲ್ಟಿ ಕರೆಗಳಲ್ಲೂ ಯಾವ ಚಂದಾದಾರ ಯಾವ ಸರ್ವರಿಗೆ ಸೇರಿದವನೆಂದು ಹೇಳುವುದು ಎಚ್‌ಎಸ್‌ಎಸ್ ಎಂಬ ಕೇಂದ್ರ ದಾಖಲೆ. ಆದರೆ ಆ ಪುಸ್ತಕಕ್ಕೂ ಪ್ರತಿ ಬೇಕಲ್ಲವೇ? ಇನ್ನೊಂದು ದಾರಿಯಲ್ಲಿ ಪುಸ್ತಕಗಳು ಬೇರೆಬೇರೆಯೇ ಇರುತ್ತವೆ. ಸರ್ವರುಗಳು 'ಈ ಸಂಖ್ಯೆ ನಿನ್ನಲ್ಲಿದೆಯೇ?' ಎಂದು ಪರಸ್ಪರ ವಿಚಾರಿಸುತ್ತವೆ. ಆಸ್ಟರಿಸ್ಕ್ ತಂತ್ರಾಂಶವನ್ನು ರೂಪಿಸಿದ ಮಾರ್ಕ್ ಸ್ಪೆನ್ಸರ್ ಅವರ 'ಡುಂಡಿ' ವಿಧಾನ ಇಂಥದು. ಸಿಕ್ಕ ಉತ್ತರವನ್ನು ಸರ್ವರ್ ಕೆಲಕಾಲ ನೆನಪಿಟ್ಟುಕೊಳ್ಳುತ್ತದೆ. ಅಷ್ಟರಲ್ಲಿ ಫೋನ್ ಸರ್ವರ್ ಬದಲಿಸಿದರೆ ಆ ನೆನಪೇ ದಾರಿ ತಪ್ಪಿಸುತ್ತದೆ.

ಹಾಗಾದರೆ ನೋಂದಣಿಯ ಅವಧಿಯನ್ನೇ ತಗ್ಗಿಸಬಾರದೇಕೆ? ಇದು ಗಣಿತದ ಮಾತು. ಅವಧಿ 3,600 ಸೆಕೆಂಡುಗಳಾದರೆ 10,000 ಫೋನುಗಳಿಂದ ಸೆಕೆಂಡಿಗೆ ಸುಮಾರು 3 ನೋಂದಣಿಗಳು ಬರುತ್ತವೆ. ಅದನ್ನೇ 60 ಸೆಕೆಂಡಿಗೆ ಇಳಿಸಿದರೆ ಸುಮಾರು 167! ಮಾಹಿತಿ ತಾಜಾ ಆಗಿರುತ್ತದೆ, ಸರ್ವರಿಗೆ ಮಾತ್ರ ಬಿಡುವಿಲ್ಲ.

2009ರಲ್ಲಿ ಬಂದ ಸಿಪ್ ವಿಸ್ತರಣೆಯೊಂದು ಈ ಹೊಣೆಯನ್ನು ಫೋನಿಗೇ ವಹಿಸಿತು. ಫೋನ್ ಮೊದಲಿನಿಂದಲೇ ಎರಡು ದಾರಿಗಳನ್ನು ತೆರೆದಿಡುತ್ತದೆ. ಒಂದು ಮುಚ್ಚಿದರೂ ಇನ್ನೊಂದರಲ್ಲಿ ಕರೆ ಬರುತ್ತದೆ. ಎರಡೂ ನೋಂದಣಿ ಒಂದೇ ಫೋನಿನವು ಎಂದು ಗುರುತಿಸಲು ಪ್ರತಿ ಉಪಕರಣಕ್ಕೂ ಬದಲಾಗದ ಗುರುತು ಸಂಖ್ಯೆಯುಂಟು. ಕೆಟ್ಟ ಸರ್ವರ್ ಮತ್ತೆ ಎದ್ದಾಗ ಸಾವಿರಾರು ಫೋನುಗಳು ಒಟ್ಟಿಗೇ ಮುಗಿಬಿದ್ದರೆ ಅದು ಪುನಃ ಕುಸಿಯಬಹುದು. ಆದ್ದರಿಂದ ಪ್ರತಿ ಫೋನೂ ಚೀಟಿ ಎತ್ತಿದಂತೆ ಬೇರೆಬೇರೆ ಹೊತ್ತು ಕಾದು ಮರುಪ್ರಯತ್ನ ಮಾಡಬೇಕೆಂಬುದೂ ಅದೇ ನಿಯಮದಲ್ಲಿದೆ.