ಹಸಿದವರ ಉಗ್ರಾಣಕ್ಕೆ ಕಾವಲಿದ್ದವನು

ಡೇವಿಡ್ ಬ್ರೇನಾರ್ಡ್ ಸೈನ್ಯಕ್ಕೆ ಸೇರಿದ್ದರ ಹಿಂದೆ ದೇಶಭಕ್ತಿಯ ದೊಡ್ಡ ಕಥೆಯೇನೂ ಇಲ್ಲ. 1876ರಲ್ಲಿ ಫಿಲಡೆಲ್ಫಿಯಾದ ವಸ್ತುಪ್ರದರ್ಶನ ನೋಡಿಕೊಂಡು ವಾಪಸ್ ಹೊರಟ 19ರ ಹುಡುಗ, ನ್ಯೂಯಾರ್ಕಿನಲ್ಲಿ ಜೇಬು ಮುಟ್ಟಿ ನೋಡ್ಕೊಂಡ್ರೆ ದುಡ್ಡಿಲ್ಲ. ಮನೆಗೆ ಬರೆದು ಕೇಳೋಕೆ ಸ್ವಾಭಿಮಾನ ಅಡ್ಡ ಬಂತು. ಹೋಗಿ ಸೈನ್ಯಕ್ಕೆ ಸೇರಿಬಿಟ್ಟ!

ಐದು ವರ್ಷದ ನಂತರ, 1881ರಲ್ಲಿ, ಲೆಫ್ಟಿನೆಂಟ್ ಗ್ರೀಲಿ ಮುಂದಾಳತ್ವದ 25 ಜನರ ತಂಡದ ಜತೆ ಉತ್ತರ ಧ್ರುವದ ಕಡೆ ಹೊರಟ. ಹವಾಮಾನದ ಅಳತೆ ಮಾಡೋದು ಅವರ ಕೆಲಸ. 1882ರ ಮೇ ತಿಂಗಳಲ್ಲಿ ಲಾಕ್‌ವುಡ್, ಗ್ರೀನ್‌ಲ್ಯಾಂಡಿನ ಕ್ರಿಸ್ಟಿಯಾನ್ಸನ್ ಜತೆ ನಾಯಿಬಂಡಿಯಲ್ಲಿ 83 ಡಿಗ್ರಿ 24 ಮಿನಿಟಿನ ತನಕ ಹೋಗಿಬಂದ. ಅಲ್ಲಿಯವರೆಗೆ ಅಷ್ಟು ಉತ್ತರಕ್ಕೆ ಹೋದವರು ಯಾರೂ ಇಲ್ಲ. ದಾಖಲೆಯ ವಿಷಯ ಇಷ್ಟು ಸಾಕು. ನನಗೆ ಇವನು ಮುಖ್ಯ ಅನ್ನಿಸೋದು ಆಮೇಲಿನ ಕಥೆಯಿಂದ.

1882ರಲ್ಲಿ ಬರಬೇಕಿದ್ದ ಹಡಗು ತಲುಪಲಿಲ್ಲ. 1883ರ ಹಡಗನ್ನು ಹಿಮವೇ ಪುಡಿ ಮಾಡಿತು. ಮೊದಲೇ ಆದ ಆಜ್ಞೆಯಂತೆ ತಂಡ ಶಿಬಿರ ಬಿಟ್ಟು ದಕ್ಷಿಣಕ್ಕೆ ಬಂದು ಕೇಪ್ ಸಬೈನಿನಲ್ಲಿ ಸಿಕ್ಕಿಕೊಂಡಿತು. ಇದ್ದ ಆಹಾರ ಸುಮಾರು 40 ದಿನಕ್ಕೆ. ಕಳೆಯಬೇಕಿದ್ದದ್ದು ಇಡೀ ಚಳಿಗಾಲ.

ಉಗ್ರಾಣದ ಹೊಣೆ ಬ್ರೇನಾರ್ಡ್‌ದು. ಯೋಚಿಸಿ ನೋಡಿ: ಇವನಿಗೂ ಅದೇ ಹಸಿವು, ಆದ್ರೆ ಹಂಚೋ ಕೈ ಮಾತ್ರ ಇವನದು. ಸುತ್ತ ಕೂತವರ ಕಣ್ಣೆಲ್ಲ ಆ ಕೈ ಮೇಲೇ. ಅಡುಗೆಮನೆಯ ಡಬ್ಬಿಯಿಂದ ಚಕ್ಕುಲಿ ಕದ್ದು ಬೆಳೆದ ನಮ್ಮಂಥವರಿಗೆ ಇದು ಅರ್ಥವಾಗೋದು ಕಷ್ಟ. ಅವನೇ ಕಡಲ ಅಂಚಿಗೆ ಹೋಗಿ ಬಲೆ ಹಾಕಿ ಸಣ್ಣ ಸಣ್ಣ ಸೀಗಡಿ ಹಿಡಿದು ತರುತ್ತಿದ್ದ. ಅವುಗಳಲ್ಲಿ ಮಾಂಸಕ್ಕಿಂತ ಚಿಪ್ಪೇ ಜಾಸ್ತಿ. ಕಲ್ಲುಹೂವು, ಸೀಲ್ ಚರ್ಮದ ಚೂರು ಕೂಡ ಊಟವಾದವು. ಹಿಮಕ್ಕೆ ಕೈಕಾಲು ಕಳೆದುಕೊಂಡ ಎಲಿಸನ್‌ನ ಮೊಂಡುಗೈಗೆ ಒಂದು ಚಮಚ ಕಟ್ಟಿಕೊಟ್ಟರು, ತಾನೇ ತಿನ್ನಲಿ ಅಂತ. ಲಾಕ್‌ವುಡ್ ಏಪ್ರಿಲ್‌ನಲ್ಲಿ ಹೋದ.

ಹೆನ್ರಿ ಅನ್ನೋ ಸೈನಿಕ ಮಾತ್ರ ಎಚ್ಚರಿಕೆ ಕೊಟ್ಟಮೇಲೂ ಆಹಾರ ಕದೀತಾನೇ ಇದ್ದ. 1884ರ ಜೂನ್ 6ರಂದು ಅವನನ್ನು ಗುಂಡಿಟ್ಟು ಕೊಲ್ಲುವಂತೆ ಗ್ರೀಲಿ ಲಿಖಿತ ಆಜ್ಞೆ ಕೊಟ್ಟ. ಆಜ್ಞೆ ಹೋಗಿದ್ದು ಮೂವರು ಸಾರ್ಜೆಂಟ್‌ಗಳಿಗೆ: ಬ್ರೇನಾರ್ಡ್, ಲಾಂಗ್, ಫ್ರೆಡರಿಕ್. ಕೊಂದವರು ಯಾರು ಅನ್ನೋದನ್ನು ಮೂವರೂ ಹೊರಗೆ ಬಿಡಲಿಲ್ಲ. ಹದಿನಾರೇ ದಿನಕ್ಕೆ, ಜೂನ್ 22ಕ್ಕೆ, ರಕ್ಷಣಾ ಹಡಗು ಬಂತು. ಉಳಿದಿದ್ದು ಏಳು ಜನ. ದಾರಿಯಲ್ಲಿ ಎಲಿಸನ್ ಕೂಡ ತೀರಿಕೊಂಡ.

ಊರಿಗೆ ಬಂದಮೇಲೆ ಪತ್ರಿಕೆಗಳು ಸುಮ್ನಿರಲಿಲ್ಲ. ಸತ್ತವರ ಮಾಂಸ ತಿಂದರಂತೆ ಅಂತ ಬರೆದವು. ತಮಗೇನೂ ಗೊತ್ತಿಲ್ಲ ಅಂದರು ಬದುಕಿ ಬಂದವರು.

ಬ್ರೇನಾರ್ಡ್ ಸೈನ್ಯ ಬಿಡಲಿಲ್ಲ. ಅಧಿಕಾರಿಯಾದ, 1918ರಲ್ಲಿ ಬ್ರಿಗೇಡಿಯರ್ ಜನರಲ್ ಆಗಿ ನಿವೃತ್ತನಾದ. ಅಲ್ಲಿನ ದಿನಚರಿಯಿಂದ ಪುಸ್ತಕಗಳೂ ಬಂದವು. 1946ರ ಮಾರ್ಚ್‌ನಲ್ಲಿ, 89ನೇ ವಯಸ್ಸಿನಲ್ಲಿ ಹೋದ. ಆ 25 ಜನರಲ್ಲಿ ಕೊನೆಯವನು ಅವನೇ. ಆ ದಿನ ಹೆನ್ರಿಗೆ ಗುಂಡು ಹೊಡೆದದ್ದು ಯಾರು ಅಂತ ಆಗಲೂ ಹೇಳಿರಲಿಲ್ಲ.