ಹಳೆಯ ಬೈಕಿನ ಹೊಗೆಯೂ ದುರಸ್ತಿಯ ಹಕ್ಕೂ

ಮಳೆಗಾಲ ಕಳೆದು ಘಟ್ಟದ ರಸ್ತೆಗಳು ಒಣಗುತ್ತಿದ್ದಂತೆ ಹಳೆಯ ಜಾವಾ, ಯೆಜ್ದಿ ಬೈಕುಗಳ ಮೆರವಣಿಗೆಗಳು ಮಲೆನಾಡಿಗೆ ಏರಿಬರುವುದುಂಟು. ಹೊಳೆಯುವ ಟ್ಯಾಂಕು, ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರು, ಬೆನ್ನ ಹಿಂದೆ ನೀಲಿ ಹೊಗೆ. ‘ಹಳೆಯದನ್ನು ಎಸೆಯದೆ ಬಳಸುವುದೇ ನಿಜವಾದ ಪರಿಸರಪ್ರೇಮ’ ಎಂಬುದು ಈ ಸವಾರರ ಸಮರ್ಥನೆ. ಕಾಲೇಜು ವಿದ್ಯಾರ್ಥಿಗಳೂ ಈ ಮಾತಿಗೆ ಮಾರುಹೋಗಿ ಗುಜರಿಯಿಂದ ಯೆಜ್ದಿ ತಂದು ನಿಲ್ಲಿಸಿಕೊಳ್ಳುತ್ತಿದ್ದಾರೆ. ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಉಳಿದರ್ಧ ಬರೀ ಹೊಗೆ.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಜೆಕೊಸ್ಲೊವಾಕಿಯಾದ ವಿನ್ಯಾಸದ ಬೈಕುಗಳ ತಯಾರಿಕೆಯನ್ನು 1961ರಲ್ಲಿ ಆರಂಭಿಸಿತು. 1973ರಿಂದ ಅವಕ್ಕೆ ಯೆಜ್ದಿ ಎಂಬ ಹೆಸರು ಬಂತು. 1996ರಲ್ಲಿ ಕಾರ್ಖಾನೆಯ ಬಾಗಿಲು ಮುಚ್ಚಿತು. ಅಂದರೆ ಅಲ್ಲಿಂದ ಹೊರಬಿದ್ದ ಕೊನೆಯ ಬಂಡಿಗೂ ಈಗ ಸುಮಾರು ಮೂವತ್ತರ ಪ್ರಾಯ. 2018ರಲ್ಲಿ ಅದೇ ಹೆಸರಿನಲ್ಲಿ ಮರಳಿದ ಜಾವಾ ನಾಲ್ಕು ಸ್ಟ್ರೋಕಿನ ಬೇರೆಯೇ ಯಂತ್ರ. ಅದರ ಎಂಜಿನ್ನಿನ ಭಾಗಗಳು ಹಳೆಯದಕ್ಕೆ ಹೊಂದುವುದಿಲ್ಲ.

ಇಂಥ ಬಂಡಿಯನ್ನು ಸಾಕುವುದೆಂದರೇನು? ಪೆಟ್ರೋಲ್ ಹಾಕಿಸಿದಾಗಲೆಲ್ಲ ಅಳತೆಯರಿತು ಎಣ್ಣೆ ಬೆರೆಸಬೇಕು. ಸೈಲೆನ್ಸರಿನಲ್ಲಿ ಕಟ್ಟಿದ ಮಸಿಯನ್ನು ಕೆರೆಯಬೇಕು. ಪಾಯಿಂಟಿನ ಅಂತರ ಸರಿಪಡಿಸುತ್ತಿರಬೇಕು. ಕ್ರ್ಯಾಂಕಿನ ಸೀಲು ಸವೆದರೆ ಹೊರಗಾಳಿ ಒಳನುಗ್ಗಿ, ಇಂಧನದ ಮಿಶ್ರಣ ತೆಳುವಾಗಿ, ಘಟ್ಟದ ಏರಿನಲ್ಲೇ ಪಿಸ್ಟನ್ ಕಚ್ಚಿಕೊಳ್ಳುವ ಅಪಾಯವಿದೆ. ಅದನ್ನು ಬಿಚ್ಚಿ ಕಟ್ಟಲು ಅನುಭವಿ ಮೇಸ್ತ್ರಿಯೇ ಬೇಕು. ಆ ವಿದ್ಯೆ ಬಲ್ಲವರಿಗೆ ವಯಸ್ಸಾಗುತ್ತಿದೆ, ಕಲಿಯಬಂದವರು ವಿರಳ.

ಇಷ್ಟೆಲ್ಲ ಮಾಡಿದರೂ ಹೊಗೆ ನಿಲ್ಲದು. ಎರಡು ಸ್ಟ್ರೋಕಿನ ಎಂಜಿನ್ನಿನಲ್ಲಿ ಇಂಧನ ಒಳಬರುವ ದ್ವಾರವೂ ಹೊಗೆ ಹೊರಹೋಗುವ ದ್ವಾರವೂ ಸ್ವಲ್ಪಹೊತ್ತು ಒಟ್ಟಿಗೇ ತೆರೆದಿರುತ್ತವೆ. ಆಗ ಪೆಟ್ರೋಲಿನ ಒಂದು ಪಾಲು ಸುಡದೆಯೇ ಹೊರಗೆ ಹೋಗುತ್ತದೆ, ಜೊತೆಗೆ ಬೆರೆಸಿದ ಎಣ್ಣೆಯೂ. ಇದು ಮೇಸ್ತ್ರಿಯ ತಪ್ಪಲ್ಲ, ವಿನ್ಯಾಸದ ಗುಣ. ವರ್ಷಕ್ಕೆ ನಾಲ್ಕು ಬಾರಿ ಹೊರಬರುವ ಬೈಕಿನಿಂದ ಆಗುವ ಹಾನಿ ಅಲ್ಪ, ನಿಜ. ಆದರೆ ನಿತ್ಯದ ಸವಾರಿಗೆ ಅದನ್ನೇ ಹಿಡಿದು ಪರಿಸರದ ಹೆಸರು ಹೇಳುವುದು ಆತ್ಮವಂಚನೆ.

ಹಾಗಾದರೆ ಸರ್ಕಾರದ ದಾರಿ ಸರಿಯೇ? ಅದೂ ಅಲ್ಲ. 2021ರ ಕೇಂದ್ರ ನಿಯಮದಂತೆ 50 ವರ್ಷ ದಾಟಿ ಮೂಲರೂಪದಲ್ಲಿ ಉಳಿದಿರುವ ವಾಹನಕ್ಕೆ 20,000 ರೂಪಾಯಿ ತೆತ್ತರೆ ಪಾರಂಪರಿಕವೆಂಬ ಮಾನ್ಯತೆ ದೊರೆಯುತ್ತದೆ. ಆದರೆ ಅದನ್ನು ಪ್ರದರ್ಶನಕ್ಕೆ, ರ್‍ಯಾಲಿಗೆ ಒಯ್ಯಬಹುದೇ ಹೊರತು ನಿತ್ಯ ಬಳಸುವಂತಿಲ್ಲ. ಸಂಗ್ರಾಹಕನ ಬೈಕು ಪರಂಪರೆ. ಅಡಿಕೆ ಗೊನೆ ಹೇರಿಕೊಂಡು ಬದುಕು ಸಾಗಿಸಿದ ಸಣ್ಣ ಹಿಡುವಳಿದಾರನ ಬೈಕು ಗುಜರಿ. ಇದೆಂಥ ನ್ಯಾಯ?

ಶುದ್ಧ ಇಂಧನದ ಕಥೆಯೂ ಇಂಥದೇ. 2025ರಲ್ಲಿ ದೇಶದ ಪೆಟ್ರೋಲಿನಲ್ಲಿ ಎಥನಾಲಿನ ಪ್ರಮಾಣ ಶೇಕಡ 20 ಮುಟ್ಟಿತು. ಎಥನಾಲ್ ನೀರನ್ನು ಹೀರುತ್ತದೆ. ಮಲೆನಾಡಿನ ತೇವದಲ್ಲಿ ತಿಂಗಳುಗಟ್ಟಲೆ ನಿಂತ ಬೈಕಿನ ಟ್ಯಾಂಕಿನ ತಳದಲ್ಲಿ ನೀರು ಬೇರ್ಪಟ್ಟು ತುಕ್ಕು ಹಿಡಿಯಬಹುದು. ಹಳೆಯ ರಬ್ಬರಿನ ಕೊಳವೆ, ಸೀಲುಗಳು ಇದನ್ನು ತಾಳಿಕೊಳ್ಳಲೆಂದು ತಯಾರಾದವಲ್ಲ. ಇನ್ನು ಈ ಎಥನಾಲ್ ಬರುವುದು ಕಬ್ಬಿನಿಂದ, ಮೆಕ್ಕೆಜೋಳದಿಂದ, ಸರ್ಕಾರಿ ಉಗ್ರಾಣದ ಅಕ್ಕಿಯಿಂದಲೂ. ಕಬ್ಬು ಎಷ್ಟು ನೀರು ಕುಡಿಯುವ ಬೆಳೆಯೆಂಬುದನ್ನು ಕಾವೇರಿ ಬಯಲಿನ ರೈತರಿಗೆ ಯಾರೂ ಕಲಿಸಬೇಕಿಲ್ಲ. ಹೊಲದ ನೀರನ್ನು ಸುಡುವ ಇಂಧನಕ್ಕೆ ಹಸಿರೆಂಬ ಬಿರುದು!

ಹಳೆಯ ಬೈಕಿನಲ್ಲಿ ಉಳಿಸಿಕೊಳ್ಳಬೇಕಾದ ಗುಣ ಒಂದೇ: ಅದನ್ನು ಬಿಚ್ಚಬಹುದು. ಹತ್ತಾರು ಸ್ಪ್ಯಾನರು, ತಾಳ್ಮೆ, ಒಬ್ಬ ಗುರು ಇದ್ದರೆ ಹಳ್ಳಿಯ ಹುಡುಗನೂ ಅದರ ಒಳಗನ್ನು ಅರಿಯಬಲ್ಲ. ಇಂದಿನ ಅನೇಕ ಯಂತ್ರಗಳು ಹಾಗಿಲ್ಲ. ಮುಚ್ಚಿದ ಪೆಟ್ಟಿಗೆ ಕೆಟ್ಟರೆ ಇಡೀ ಪೆಟ್ಟಿಗೆಯನ್ನೇ ಬದಲಿಸಬೇಕು. ತೋಟದ ಕಳೆ ಕತ್ತರಿಸುವ ಯಂತ್ರದ ಒಂದು ಸಣ್ಣ ಭಾಗ ಸಿಗದೆ ಇಡೀ ಯಂತ್ರ ಮೂಲೆ ಸೇರುವುದನ್ನು ಯಾವ ಅಡಿಕೆ ಬೆಳೆಗಾರ ಕಂಡಿಲ್ಲ?

ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ದುರಸ್ತಿಯ ಹಕ್ಕಿನ ಚೌಕಟ್ಟು ರೂಪಿಸಲು ಸಮಿತಿ ನೇಮಿಸಿ, ಕೃಷಿ ಉಪಕರಣಗಳನ್ನೂ ವಾಹನಗಳನ್ನೂ ಅದರ ವ್ಯಾಪ್ತಿಗೆ ತಂದಿತು. ಬರೀ ಸಮಿತಿಯಿಂದ ರೈತನ ಕೈಗೆ ಬಿಡಿಭಾಗ ಬಾರದು. ಮಾರಿದ ಯಂತ್ರಕ್ಕೆ ಇಂತಿಷ್ಟು ವರ್ಷ ಬಿಡಿಭಾಗ ಒದಗಿಸುವುದು, ದುರಸ್ತಿಯ ಕೈಪಿಡಿಯನ್ನು ಕನ್ನಡದಲ್ಲಿ ನೀಡುವುದು ತಯಾರಕರಿಗೆ ಕಡ್ಡಾಯವಾಗಬೇಕು. ಊರಿನ ಮೇಸ್ತ್ರಿಗಳ ಬಳಿ ಯುವಕರು ಶಿಷ್ಯವೃತ್ತಿಗೆ ನಿಲ್ಲುವಂತಾಗಬೇಕು.

ಗ್ರಾಮಸಭೆಯಲ್ಲಿ ಎತ್ತಬೇಕಾದ ಬೇಡಿಕೆ ಇದು. ಯೆಜ್ದಿ ತಂದ ವಿದ್ಯಾರ್ಥಿ ಅದನ್ನು ಓಡಿಸಿ ಮೆರೆಯುವ ಬದಲು ಒಮ್ಮೆ ಪೂರ್ತಿ ಬಿಚ್ಚಿ ಜೋಡಿಸಲಿ. ಆ ಕೈಗಳು ನಾಳೆ ಊರಿನ ಪಂಪನ್ನೂ ಟಿಲ್ಲರನ್ನೂ ಉಳಿಸಿಯಾವು.