ದೋಣಿಯವನಿಗೆ ಗಳ ಹಿಡಿಯಲು ಕಲಿಸಿದ ಸನ್ಯಾಸಿ

ದಕ್ಷಿಣ ಚೀನಾದ ವಿಂಗ್ ಚುನ್ ಎಂಬ ಸಮರಕಲೆಯ ಹುಟ್ಟಿನ ಕಥೆ ಹೇಳುವವರಿಗೂ ಕೇಳುವವರಿಗೂ ಬಲು ಇಷ್ಟ. ಚಿಂಗ್ ಸೈನ್ಯ ಶಾವೊಲಿನ್ ಮಠವನ್ನು ಸುಡುತ್ತದೆ. ತಪ್ಪಿಸಿಕೊಂಡ ಐವರು ಹಿರಿಯರಲ್ಲಿ ಒಬ್ಬಳು ಸನ್ಯಾಸಿನಿ, ಉಂಗ್ ಮುಯಿ. ತೋಫು ಮಾರುವವನ ಮಗಳು ಯಿಮ್ ವಿಂಗ್ ಚುನ್‌ಳನ್ನು ಊರಿನ ಪುಂಡನೊಬ್ಬ ಮದುವೆಯಾಗೆಂದು ಕಾಡುತ್ತಾನೆ. ಸನ್ಯಾಸಿನಿ ಆಕೆಗೆ ವಿದ್ಯೆ ಕಲಿಸುತ್ತಾಳೆ, ಆಕೆ ಪುಂಡನನ್ನು ಬಡಿದು ಕೆಡವುತ್ತಾಳೆ. ಆ ವಿದ್ಯೆಗೆ ಅವಳ ಹೆಸರೇ ಉಳಿಯುತ್ತದೆ. ಬ್ರೂಸ್ ಲೀಯ ಗುರು ಇಪ್ ಮಾನ್ ಇದನ್ನು ಕೈಬರಹದಲ್ಲಿ ಬರೆದಿಟ್ಟ. 1994ರ ಸಿನಿಮಾದಲ್ಲಿ ಮಿಶೆಲ್ ಯೋ ಆ ಹುಡುಗಿಗೆ ಮುಖ ಕೊಟ್ಟಳು.

ಈ ಕಥೆ ಚರಿತ್ರೆಯಲ್ಲ ಎಂಬುದು ಹೊಸ ಸುದ್ದಿಯಲ್ಲ. ಮಠ ಸುಟ್ಟು ಐವರು ಉಳಿಯುವ ಇದೇ ಪ್ರಸಂಗ ತಿಯೆನ್‌ದಿಹುಯಿ ಎಂಬ ರಹಸ್ಯ ಸಂಘದ ಹುಟ್ಟಿನ ಕಥೆಯಲ್ಲೂ ಇದೆ. ಉಂಗ್ ಮುಯಿ ಓದುಗರಿಗೆ ಪರಿಚಯವಾದದ್ದು 19ನೇ ಶತಮಾನದ ಕೊನೆಯ ಜನಪ್ರಿಯ ಕಾದಂಬರಿ ‘ವಾನ್ ನಿಯೆನ್ ಚಿಂಗ್’ನಿಂದ. ಅಲ್ಲಿ ಆಕೆ ಶಾವೊಲಿನ್‌ನವರನ್ನು ಮುಗಿಸುವವರ ಪಕ್ಷದಲ್ಲಿದ್ದಾಳೆ! ಆಕೆಯನ್ನು ನಾಯಕಿ ಮಾಡಿದ್ದು ಆಮೇಲಿನ ಕಥೆಗಾರರು. ಇಷ್ಟು ಹೇಳಿ, ‘ಎಲ್ಲ ಕಟ್ಟುಕಥೆ’ ಎಂದು ಕೈ ತೊಳೆದುಕೊಳ್ಳುವವರ ಜೊತೆ ನನಗೆ ಸಣ್ಣ ಜಗಳವಿದೆ. ಈ ಕಟ್ಟುಕಥೆ ಯಾರನ್ನು ಮೇಲೆ ಕೂರಿಸಿ ಯಾರನ್ನು ಕೆಳಗಿಳಿಸಿತು ಎಂದು ಅವರು ಕೇಳುವುದಿಲ್ಲ.

ಕೆಳಗಿಳಿದವರು ನಾಟಕದವರು. ಕ್ಯಾಂಟನೀಸ್ ಸಂಗೀತ ನಾಟಕದ ಮೇಳಗಳು ಕೆಂಪು ದೋಣಿಗಳಲ್ಲಿ ನದಿಯಿಂದ ನದಿಗೆ, ಊರಿಂದ ಊರಿಗೆ ತಿರುಗುತ್ತಿದ್ದವು. ರಂಗದ ಮೇಲೆ ಕಾಳಗ ಆಡುವವರಿಗೆ ಮೈಪಳಗಿಸುವುದು ಹೊಟ್ಟೆಪಾಡು. ಇಪ್ ಮಾನ್ ಬರೆದ ಕಥೆಯಲ್ಲೂ ಅವರಿದ್ದಾರೆ: ವಾಂಗ್ ವಾ ಬೋ ನಟ, ಲ್ಯೂಂಗ್ ಯೀ ತಾಯ್ ದೋಣಿಗೆ ಗಳ ಹಾಕುವವನು. ಆದರೆ ಬರೀ ಅಂಚೆಯವರಾಗಿ ಇದ್ದಾರೆ. ಮಠದಿಂದ ಬಂದದ್ದನ್ನು ಮುಂದಿನವರ ಕೈಗೆ ದಾಟಿಸುವುದಷ್ಟೇ ಅವರ ಕೆಲಸ. ವಿಂಗ್ ಚುನ್‌ನ ಆರೂವರೆ ಪಟ್ಟಿನ ಉದ್ದ ಕೋಲಿನ ವಿದ್ಯೆಯನ್ನೇ ನೋಡಿ. ದಿನವಿಡೀ ಗಳ ಊರಿ ದೋಣಿ ತಳ್ಳಿದವನಿಗೆ ಕೋಲು ಹಿಡಿಯುವುದನ್ನು ಕಲಿಸಿದ್ದು ಯಾರು? ದೋಣಿಯಲ್ಲಿ ಅಡುಗೆಯವನ ವೇಷದಲ್ಲಿ ಅಡಗಿದ್ದ ಶಾವೊಲಿನ್ ಮಠಾಧಿಪತಿಯಂತೆ! ಇದನ್ನು ಓದಿದಾಗಲೆಲ್ಲ ನನಗೆ ನಗು ಬರುತ್ತದೆ, ಆಮೇಲೆ ಸಿಟ್ಟು.

ಈ ನಾಟಕದವರು ಯಾರು? ಚಿಂಗ್ ಕಾನೂನಿನ ಪ್ರಕಾರ ಹೀನ ಕಸುಬಿನವರು. ಅವರ ಮಕ್ಕಳೂ ಸರ್ಕಾರಿ ಪರೀಕ್ಷೆಗೆ ಕೂರುವಂತಿರಲಿಲ್ಲ. 1854ರಲ್ಲಿ ಲಿ ವೆನ್‌ಮಾವ್ ಎಂಬ ನಟ ತನ್ನ ಸಂಗಡಿಗರನ್ನು ಕಟ್ಟಿಕೊಂಡು ಬಂಡಾಯಕ್ಕೆ ಇಳಿದ. ಚಿಂಗ್ ಆಡಳಿತ ಫೋಶಾನ್‌ನಲ್ಲಿದ್ದ ನಟರ ಸಂಘದ ಭವನವನ್ನು ನಾಶಮಾಡಿತು, ಹತ್ತು ವರ್ಷಕ್ಕೂ ಹೆಚ್ಚು ಕಾಲ ಅವರ ನಾಟಕವನ್ನೇ ನಿಷೇಧಿಸಿತು. ಸುಟ್ಟ ಮಠವನ್ನು ನೆನೆದು ಕಣ್ಣೀರು ಹಾಕುವ ಕಥೆಯಲ್ಲಿ ಈ ಭವನಕ್ಕೆ ಒಂದು ಸಾಲೂ ಇಲ್ಲ.

ಎದುರಿಗೆ ಇನ್ನೊಂದು ಕಥೆಯೂ ಇದೆ. ಯೊಂಗ್‌ಝೆಂಗ್ ಅರಸನ ಕಾಲದಲ್ಲಿ ಬೀಜಿಂಗ್‌ನಿಂದ ತಲೆತಪ್ಪಿಸಿಕೊಂಡು ಫೋಶಾನ್‌ಗೆ ಬಂದ ಚಿಯುಂಗ್ ಉಂಗ್ ಎಂಬ ನಟನೇ ಮೂಲಪುರುಷ ಎಂದು ಕೆಲವು ಪರಂಪರೆಗಳು ಹೇಳುತ್ತವೆ. ಅವನ ಅಡ್ಡಹೆಸರು ‘ತಾನ್ ಸಾವ್’. ವಿಂಗ್ ಚುನ್‌ನಲ್ಲಿ ಇಂದಿಗೂ ಅದು ಒಂದು ಕೈವರಸೆಯ ಹೆಸರು. ಇದೂ ಐತಿಹ್ಯವೇ, ಸಾಬೀತಾಗಿದೆ ಎಂದು ನಾನು ಹೇಳಲಾರೆ. ಖಚಿತವಾಗಿ ಕಾಣುವ ಮೊದಲ ಮನುಷ್ಯ 19ನೇ ಶತಮಾನದ ಫೋಶಾನ್‌ನ ವೈದ್ಯ ಲ್ಯೂಂಗ್ ಜಾನ್. ಆದರೂ ಈ ಐತಿಹ್ಯ ಕಲೆಯನ್ನು ಅದನ್ನು ದುಡಿಸಿಕೊಂಡವರ ಕೈಯಲ್ಲೇ ಬಿಡುತ್ತದೆ. ಸಿನಿಮಾ ಮಾಡುವವರಿಗೆ ಮಾತ್ರ ಅದು ಬೇಡ.

‘ಹೆಣ್ಣೇ ಕಟ್ಟಿದ ಕಲೆಯಲ್ಲವೇ, ಅದನ್ನೂ ಕಸಿದುಕೊಳ್ಳುತ್ತೀಯಾ?’ ಎಂದು ಗೆಳತಿಯೊಬ್ಬಳು ಕೇಳಿದಳು. ದೊಡ್ಡ ಜಗಳ ಇರುವುದು ಇಲ್ಲೇ. ಇಪ್ ಮಾನ್ ಕೊಟ್ಟ ಗುರುಪರಂಪರೆ ಓದಿ: ಯಿಮ್ ವಿಂಗ್ ಚುನ್, ಆಕೆಯ ಗಂಡ ಲ್ಯೂಂಗ್ ಬೊಕ್ ಚಾವ್, ಲ್ಯೂಂಗ್ ಲಾನ್ ಕ್ವಾಯ್, ವಾಂಗ್ ವಾ ಬೋ, ಲ್ಯೂಂಗ್ ಯೀ ತಾಯ್, ಲ್ಯೂಂಗ್ ಜಾನ್, ಚಾನ್ ವಾ ಶುನ್, ಇಪ್ ಮಾನ್. ವಿದ್ಯೆ ಗಂಡನ ಕೈಗೆ ಹೋದದ್ದೇ ತಡ, ಮುಂದೆ ಒಬ್ಬ ಹೆಂಗಸೂ ಇಲ್ಲ. ಎಲ್ಲರಿಗಿಂತ ಮೇಲೆ ಒಬ್ಬ ದೇವತೆ, ಕೆಳಗೆಲ್ಲ ಗಂಡಸರು. ಇದಕ್ಕೆ ಸ್ತ್ರೀವಾದದ ಹಾರ ಹಾಕುವವರು ಒಮ್ಮೆ ಯೋಚಿಸಲಿ.

ಇದನ್ನೆಲ್ಲ ಚೀನಾದವರ ಮನೆ ವಿಚಾರ ಎಂದು ತಳ್ಳಿಹಾಕುವಂತಿಲ್ಲ, ಯಾಕೆಂದರೆ ನಾವೂ ಈ ಕಥೆಯ ಫಲಾನುಭವಿಗಳು. ‘ಕುಂಗ್‌ಫು ಕಲಿಸಿದ್ದು ಕಂಚಿಯಿಂದ ಹೋದ ಬೋಧಿಧರ್ಮ’ ಎಂಬ ವಾಟ್ಸಾಪ್ ಸಂದೇಶ ನಿಮಗೂ ಬಂದಿರುತ್ತದೆ. 2011ರ ತಮಿಳು ಸಿನಿಮಾ ‘ಏಳಾಂ ಅರಿವು’ ಅದನ್ನು ಇನ್ನಷ್ಟು ಮೆರೆಸಿತು. ಬೋಧಿಧರ್ಮನಿಗೂ ಶಾವೊಲಿನ್‌ನ ಕಾಳಗಕ್ಕೂ ಗಂಟು ಹಾಕುವುದು ತಪ್ಪೆಂದು ಚೀನಾದ ಇತಿಹಾಸಕಾರ ತಾಂಗ್ ಹಾವ್ 1930ರಲ್ಲೇ ಬರೆದಿದ್ದ. ಆ ಗಂಟಿಗೆ ಆಧಾರವಾದ ‘ಯಿಜಿನ್ ಜಿಂಗ್’ ಎಂಬ ಪುಸ್ತಕ 17ನೇ ಶತಮಾನದ್ದು, ಅಂದರೆ ಬೋಧಿಧರ್ಮ ಸತ್ತು ಸಾವಿರ ವರ್ಷ ಕಳೆದ ಮೇಲಿನದು. ಆದರೂ ನಾವು ಆ ಸಂದೇಶವನ್ನು ಎದೆಯುಬ್ಬಿಸಿ ಫಾರ್ವರ್ಡ್ ಮಾಡುತ್ತೇವೆ. ಕಳೆದ ವರ್ಷ ನನ್ನ ತರಗತಿಯ ವಾಟ್ಸಾಪ್ ಗುಂಪಿಗೂ ಅದು ಬಂತು. ನಾನು ತಾಂಗ್ ಹಾವ್ ಹೆಸರು ಬರೆದೆ. ಒಬ್ಬರು ಕೈ ಮುಗಿಯುವ ಚಿಹ್ನೆ ಹಾಕಿದರು. ಸಂಜೆಯೊಳಗೆ ಅದೇ ಸಂದೇಶ ಇನ್ನೊಬ್ಬರಿಂದ ಮತ್ತೆ ಬಂತು.